ಇಂಜೆಕ್ಷನ್ ನಾಟುತ್ತಿಲ್ಲ; ರೋಗವೇ ಇಲ್ಲದ ದನದ ಸೆಗಣಿ ಯಾಕೆ ಒಯ್ದರು?

ಪ್ರಶ್ನೆ: ನಮ್ಮದು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಕೊಟ್ಟಿಗೆಯಲ್ಲಿ ನಾಲ್ಕು ದನ. ಎರಡು ಜರ್ಸಿ ಕ್ರಾಸ್, ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್, ಒಂದು ಮಲೆನಾಡು ಗಿಡ್ಡ. ಎಚ್‌ಎಫ್‌ಗೆ ಈ ಮಳೆಗಾಲದಲ್ಲಿ ಮೂರನೇ ಸಲ ಕೆಚ್ಚಲು ಬಾವು ಬಂದಿದೆ. ಮೂರೂ ಸಲ ಅದೇ ಹಿಂದಿನ ಬಲ ಮೊಲೆ. ಮೊದಲ ಸಲ ಮೂರು ದಿನದ ಇಂಜೆಕ್ಷನ್‌ಗೆ ಹೋಯಿತು. ಎರಡನೇ ಸಲ ಔಷಧ ಬದಲಿಸಿ ಐದು ದಿನ ಕೊಡಿಸಿದೆವು. ಈ ಸಲ ಇಂಜೆಕ್ಷನ್ ಮುಗಿದು ಎಂಟು ದಿನ ಆಯಿತು, ಹಾಲಿನಲ್ಲಿ ಇನ್ನೂ ಗಡ್ಡೆ ಬರುತ್ತಿದೆ. ಜ್ವರ ಇಲ್ಲ, ಮೇವು ತಿನ್ನುತ್ತದೆ. ಪಕ್ಕದ ಮನೆಯವರು ಔಷಧವೇ ಡುಪ್ಲಿಕೇಟ್ ಅಂತಾರೆ. ಅತ್ತೆ, ‘ದನದ ಮೈ ಔಷಧಕ್ಕೆ ಒಗ್ಗಿಹೋಗಿದೆ’ ಅಂತಾರೆ. ಔಷಧದ ಅಂಗಡಿಯವರು ‘ಪವರ್ ಜಾಸ್ತಿ ಇರೋದು ಹಾಕಿಸಿ’ ಅಂದರು. ಇದರ ನಡುವೆ ಹೋದ ತಿಂಗಳು ಡಾಕ್ಟರ್ ಜೊತೆ ಇಬ್ಬರು ಬಂದು ನಾಲ್ಕೂ ದನದ ಹಾಲು, ಸೆಗಣಿ ಒಯ್ದರು. ಏನೂ ಆಗದ ಗಿಡ್ಡವನ್ನೂ ಬಿಡಲಿಲ್ಲ. ಔಷಧಕ್ಕೆ ಬಗ್ಗದ ರೋಗಾಣು ಇದೆಯಾ ಅಂತ ನೋಡಲಿಕ್ಕಂತೆ. ಏನಾದರೂ ಸಿಕ್ಕರೆ ಡೈರಿಯಲ್ಲಿ ನಮ್ಮ ಹಾಲು ಬೇಡ ಅಂತಾರಾ? ಕೆಟ್ಟ ಹಾಲನ್ನು ಸದ್ಯ ಕರುವಿಗೆ ಕುಡಿಸುತ್ತಿದ್ದೇವೆ. ಉಳಿದ ಮೂರು ಮೊಲೆಯ ಹಾಲು ಕಾಯಿಸಿ ಮಕ್ಕಳಿಗೆ ಕೊಡಬಹುದಾ? ಸೆಗಣಿ ಅಡಿಕೆ ತೋಟಕ್ಕೆ ಹೋಗುತ್ತದೆ, ಅದರಿಂದ ತೊಂದರೆ ಇದೆಯಾ?
– ಶಿರಸಿ ತಾಲೂಕಿನ ಓದುಗರು

ಉತ್ತರ: ನೀವು ಕೇಳಿದ್ದು ಐದಾರು ಪ್ರಶ್ನೆ. ಆದರೆ ಪತ್ರ ಓದಿದಾಗ ನನಗೆ ಕಂಡ ಚಿಂತೆ ಎರಡೇ. ಒಂದು, ಈ ದನ ಇನ್ನು ಹುಷಾರಾಗುತ್ತದೋ ಇಲ್ಲವೋ. ಇನ್ನೊಂದು, ಸೆಗಣಿ ಒಯ್ದವರಿಂದ ಮನೆಗೆ ಏನಾದರೂ ತೊಡಕು ಬರುತ್ತದೋ ಏನೋ. ಎರಡನೆಯದಕ್ಕೆ ಹೆದರಬೇಡಿ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ದನದ ವಿಷಯ.

ಅತ್ತೆಯವರ ಮಾತಿನಿಂದಲೇ ಶುರು ಮಾಡೋಣ. ಘಟ್ಟದ ಮೇಲೂ ಕೆಳಗೂ ಮೂವತ್ತು ವರ್ಷ ದನ ನೋಡಿದ್ದೇನೆ. ‘ಮೈ ಒಗ್ಗಿಹೋಗಿದೆ’ ಅನ್ನುವ ಮಾತು ಕೇಳದ ಕೊಟ್ಟಿಗೆ ಇಲ್ಲ. ಒಗ್ಗುವುದು ನಿಜ, ಆದರೆ ದನದ ಮೈ ಅಲ್ಲ, ರೋಗಾಣು. ಇದು ಬರೀ ಮಾತಿನ ವ್ಯತ್ಯಾಸ ಅಲ್ಲ. ಮೈ ಒಗ್ಗಿದ್ದರೆ ಆ ತೊಂದರೆ ಆ ಒಂದು ದನಕ್ಕೇ ಮುಗಿಯುತ್ತಿತ್ತು. ರೋಗಾಣು ಒಗ್ಗಿದರೆ ಅದು ಕರೆಯುವವರ ಕೈ ಹಿಡಿದು ಪಕ್ಕದ ದನಕ್ಕೆ ಹೋಗುತ್ತದೆ. ಆ ದನಕ್ಕೆ ಹಿಂದೆ ಒಂದು ಇಂಜೆಕ್ಷನ್ನೂ ಬಿದ್ದಿರದಿದ್ದರೂ ಔಷಧ ನಾಟುವುದಿಲ್ಲ.

ಒಗ್ಗುವುದು ಹೇಗೆ? ಕೆಚ್ಚಲಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇದ್ದಾಗ ಅದರಲ್ಲಿ ನಾಲ್ಕು ಆಕಸ್ಮಿಕವಾಗಿ ಔಷಧ ತಡೆದುಕೊಳ್ಳುವಂಥವು ಇರುತ್ತವೆ. ಔಷಧ ಬಿದ್ದಾಗ ಉಳಿದವು ಸಾಯುತ್ತವೆ, ಈ ನಾಲ್ಕಕ್ಕೆ ಜಾಗವೂ ಮೇವೂ ಪೂರ್ತಿ ಸಿಗುತ್ತದೆ. ಇನ್ನೂ ಒಂದು ದಾರಿ ಇದೆ. ಔಷಧ ತಡೆಯುವ ಗುಣವನ್ನು ಕೆಲವು ಬ್ಯಾಕ್ಟೀರಿಯಾ ಚೀಟಿ ಬರೆದು ಕೊಟ್ಟ ಹಾಗೆ ಇನ್ನೊಂದಕ್ಕೆ ದಾಟಿಸುತ್ತವೆ. ಬೇರೆ ಜಾತಿಯದಕ್ಕೂ ಕೊಡುತ್ತವೆ. ಆ ಚೀಟಿಗೆ ಪ್ಲಾಸ್ಮಿಡ್ ಅಂತ ಹೆಸರು. ಒಂದೇ ಚೀಟಿಯಲ್ಲಿ ಮೂರು ನಾಲ್ಕು ಔಷಧಕ್ಕೆ ಉತ್ತರ ಬರೆದಿರುವುದೂ ಉಂಟು. ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣ ಮಾಡುವಾಗಲೇ, ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ರೋಗಾಣು ಸಾಯದೆ ಔಷಧವನ್ನು ತಡೆಯಲು ಕಲಿಯುತ್ತದೆ ಎಂದು ಎಚ್ಚರಿಸಿದ್ದರು.

ಹುಲೇಕಲ್ ಕಡೆಯ ತೋಟದವರೊಬ್ಬರು ನನ್ನನ್ನು ಹಿಂದೆ ಕೇಳಿದ್ದರು: “ಡಾಕ್ಟ್ರೇ, ಅಡಿಕೆ ಕೊಳೆ ರೋಗಕ್ಕೆ ಅಜ್ಜನ ಕಾಲದಿಂದ ಬೋರ್ಡೋ ದ್ರಾವಣ ಹೊಡೀತಾ ಬಂದಿದ್ದೇವೆ. ಅದು ಇನ್ನೂ ನಾಟ್ತದೆ. ನಿಮ್ಮ ಇಂಜೆಕ್ಷನ್ ಯಾಕೆ ಹತ್ತು ವರ್ಷಕ್ಕೇ ಹಾಳಾಗ್ತದೆ?” ಒಳ್ಳೆಯ ಪ್ರಶ್ನೆ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ, ಮನೆಗೆ ಬಂದು ಓದಬೇಕಾಯಿತು. ಬೋರ್ಡೋದಲ್ಲಿರುವ ತಾಮ್ರ ಕೊಳೆಯ ಜೀವಿಗೆ ಹತ್ತು ಕಡೆಯಿಂದ ಒಟ್ಟಿಗೆ ಏಟು ಕೊಡುತ್ತದೆ. ಹತ್ತನ್ನೂ ಒಮ್ಮೆಗೇ ತಪ್ಪಿಸಿಕೊಳ್ಳುವುದು ಕಷ್ಟ. ಆಂಟಿಬಯೋಟಿಕ್ ಹಾಗಲ್ಲ. ಬಹಳಷ್ಟು ಆಂಟಿಬಯೋಟಿಕ್‌ಗಳು ಒಂದೇ ಬೀಗಕ್ಕೆ ಮಾಡಿದ ಕೀಲಿ. ರೋಗಾಣು ಬೀಗ ಬದಲಿಸಿದರೆ ಮುಗಿಯಿತು. ಆದರೆ ತಾಮ್ರವನ್ನು ದನದ ರಕ್ತಕ್ಕೆ ಸುರಿಯಲು ಆಗುವುದಿಲ್ಲ. ಕೀಲಿಯೇ ಗತಿ.

ಈಗ ಇನ್ನೊಂದು ಮುಖ. ಇಂಜೆಕ್ಷನ್ ನಾಟಲಿಲ್ಲ ಅಂದ ಕೂಡಲೇ ರೋಗಾಣು ಬಗ್ಗುತ್ತಿಲ್ಲ ಅಂತ ತೀರ್ಮಾನ ಮಾಡುವುದೂ ತಪ್ಪು. ನಾನು ಈ ತಪ್ಪು ಮಾಡಿದವನೇ. ಕೆಲಸಕ್ಕೆ ಸೇರಿದ ಹೊಸತು. ಕುಮಟಾ ಹತ್ತಿರ ಒಂದು ಎಮ್ಮೆ, ಕೆಚ್ಚಲು ಬಾವು. ಒಂದು ತಿಂಗಳಲ್ಲಿ ಮೂರು ಔಷಧ ಬದಲಿಸಿದೆ. ಪ್ರತಿ ಸಲ ಮೊದಲಿಗಿಂತ ದುಬಾರಿಯದು. ಹಾಲು ಇನ್ನೂ ಕೆಟ್ಟಿತೇ ಹೊರತು ಸುಧಾರಿಸಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಹಾಲನ್ನು ಲ್ಯಾಬಿಗೆ ಕಳಿಸಿದೆ. ವರದಿಯಲ್ಲಿ ಬಂದದ್ದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಅಂದರೆ ಒಂದು ಬಗೆಯ ಬೂಷ್ಟು. ಅದಕ್ಕೆ ಆಂಟಿಬಯೋಟಿಕ್ ಲೆಕ್ಕವೇ ಅಲ್ಲ. ಬಹುಶಃ ಮೊಲೆಗೆ ಔಷಧದ ಟ್ಯೂಬ್ ಏರಿಸುವಾಗ ತೊಟ್ಟಿನ ತುದಿ ಸರಿಯಾಗಿ ಒರೆಸದೆ ನಾನೇ ಒಳಗೆ ತಳ್ಳಿದ್ದೆ. ಔಷಧ ಪೂರ್ತಿ ನಿಲ್ಲಿಸಿ, ದಿನಕ್ಕೆ ನಾಲ್ಕೈದು ಸಲ ಹಿಂಡಿ ಖಾಲಿ ಮಾಡಿಸಿದೆವು. ಎಮ್ಮೆ ತಾನಾಗಿ ಸರಿಯಾಯಿತು. ಆ ಮನೆಯವರು ನನಗೆ ಬೈಯಲಿಲ್ಲ. ಅದು ಇನ್ನೂ ಕಷ್ಟ.

ನಿಮ್ಮ ದನದ್ದು ಯೀಸ್ಟ್ ಇರಲಿಕ್ಕಿಲ್ಲ. ಮೂರೂ ಸಲ ಅದೇ ಮೊಲೆ, ಜ್ವರ ಇಲ್ಲ, ಮೇವು ಬಿಟ್ಟಿಲ್ಲ, ಗಡ್ಡೆ ಮಾತ್ರ ನಿಲ್ಲುವುದಿಲ್ಲ. ಇದನ್ನು ಕೇಳಿದರೆ ನನಗೆ ಮೊದಲು ಅನುಮಾನ ಬರುವುದು ಸ್ಟ್ಯಾಫಿಲೋಕಾಕಸ್ ಆರಿಯಸ್ (ಚಿಕ್ಕದಾಗಿ ಸ್ಟ್ಯಾಫ್) ಅನ್ನುವ ಬ್ಯಾಕ್ಟೀರಿಯಾದ ಮೇಲೆ. ಅದು ಕಳ್ಳ. ಕೆಚ್ಚಲಿನ ಮಾಂಸದೊಳಗೆ ಸಣ್ಣ ಸಣ್ಣ ಕೀವಿನ ಗೂಡು ಕಟ್ಟುತ್ತದೆ, ದನದ ಜೀವಕೋಶದ ಒಳಗೇ ಅಡಗುತ್ತದೆ. ಲ್ಯಾಬಿನ ತಟ್ಟೆಯಲ್ಲಿ ಔಷಧಕ್ಕೆ ಸಾಯುವ ರೋಗಾಣುವೇ ಕೆಚ್ಚಲಿನಲ್ಲಿ ಸಾಯದಿರುವುದು ಇದಕ್ಕೆ. ಔಷಧ ಗೂಡಿನ ಒಳಗೆ ಮುಟ್ಟುವುದೇ ಇಲ್ಲ. ಮೂರು ದಿನ ಕೊಟ್ಟಾಗ ಮೇಲಿನವು ಸಾಯುತ್ತವೆ, ಹಾಲು ಬಿಳಿಯಾಗುತ್ತದೆ, ನಾವು ವಾಸಿಯಾಯಿತು ಅಂದುಕೊಳ್ಳುತ್ತೇವೆ. ತಿಂಗಳು ಬಿಟ್ಟು ಮತ್ತೆ ಹೊರಗೆ ಬರುತ್ತದೆ. ಹಾಗಾಗಿ ನಿಮ್ಮಲ್ಲಿ ಬಗ್ಗದ ರೋಗಾಣು ಇರಬಹುದು, ಬಗ್ಗುವ ರೋಗಾಣು ಅಡಗಿಯೂ ಕೂತಿರಬಹುದು. ಹೊರಗಿನಿಂದ ನೋಡಿ ಎರಡನ್ನೂ ಬೇರೆ ಮಾಡಲು ನನ್ನಿಂದಲೂ ಆಗದು.

ಡುಪ್ಲಿಕೇಟ್ ಔಷಧದ ಮಾತು? ಇರಬಾರದು ಅಂತೇನಿಲ್ಲ. ಆದರೆ ನಾನು ಜಾಸ್ತಿ ನೋಡಿದ್ದು ಬಿಸಿಲಿಗೆ ಬೈಕಿನ ಡಿಕ್ಕಿಯಲ್ಲಿ ಇಟ್ಟು ಕೆಟ್ಟ ಔಷಧ, ಎರಡನೇ ದಿನಕ್ಕೆ ನಿಲ್ಲಿಸಿದ ಕೋರ್ಸು, ಜರ್ಸಿಯ ಡೋಸನ್ನೇ ದೊಡ್ಡ ಎಚ್‌ಎಫ್‌ಗೂ ಕೊಟ್ಟದ್ದು.

ಅಂಗಡಿಯವರ ‘ಪವರ್ ಜಾಸ್ತಿ’ ಸಲಹೆಯನ್ನು ಮಾತ್ರ ಖಂಡಿತ ಕೇಳಬೇಡಿ. ಆಂಟಿಬಯೋಟಿಕ್‌ನಲ್ಲಿ ಹೆಚ್ಚು ಪವರ್, ಕಡಿಮೆ ಪವರ್ ಅಂತ ಇಲ್ಲ. ಈ ರೋಗಾಣುವಿಗೆ ಹೊಂದುವುದು, ಹೊಂದದಿರುವುದು ಅಷ್ಟೇ. ಅವರು ‘ಪವರ್’ ಅನ್ನುವುದು ಸಾಮಾನ್ಯವಾಗಿ ಸೆಫ್ಟ್ರಿಯಾಕ್ಸೋನ್ ತರಹದವನ್ನು. ಮನುಷ್ಯರಿಗೆ ನ್ಯುಮೋನಿಯಾ, ಮೆದುಳಿನ ಪೊರೆಯ ಸೋಂಕು ಬಂದಾಗ ಆಸ್ಪತ್ರೆಯಲ್ಲಿ ಕೊಡುವುದು ಅದನ್ನೇ. ಸುಲಭದ ಪೆನಿಸಿಲಿನ್‌ಗೆ ಸಾಯುವ ರೋಗಾಣುವಿಗೆ ಅದನ್ನು ಹಾಕಿದರೆ ದನಕ್ಕೆ ಲಾಭ ಏನೂ ಹೆಚ್ಚಿಲ್ಲ, ನಷ್ಟ ನಮ್ಮೆಲ್ಲರದು. ಇನ್ನು ಕಾಲುಬಾಯಿ ರೋಗ, ಚರ್ಮಗಂಟು ರೋಗ ವೈರಸ್‌ನಿಂದ ಬರುವಂಥವು. ವೈರಸ್‌ಗೆ ಆಂಟಿಬಯೋಟಿಕ್ ನಾಟುವುದಿಲ್ಲ. ಗಾಯ ಕೀವಾದರೆ ಮಾತ್ರ ಅದರ ಕೆಲಸ.

ಹಾಗಾದರೆ ಏನು ಮಾಡಬೇಕು? ಹಾಲನ್ನು ಕಲ್ಚರ್ ಟೆಸ್ಟ್‌ಗೆ ಕಳಿಸಬೇಕು. ಲ್ಯಾಬಿನಲ್ಲಿ ಹಾಲಿನಿಂದ ರೋಗಾಣು ಬೆಳೆಸಿ, ಅದನ್ನು ಒಂದು ತಟ್ಟೆಯ ಮೇಲೆ ಕಾವಲಿಗೆ ತೆಳ್ಳೇವು ಸವರಿದ ಹಾಗೆ ತೆಳ್ಳಗೆ ಸವರುತ್ತಾರೆ. ಮೇಲೆ ಬೇರೆ ಬೇರೆ ಔಷಧ ಹೀರಿದ ಕಾಗದದ ಬಿಲ್ಲೆ ಇಡುತ್ತಾರೆ. ಮರುದಿನ ನೋಡಿದರೆ ನಾಟುವ ಔಷಧದ ಬಿಲ್ಲೆಯ ಸುತ್ತ ಖಾಲಿ ವೃತ್ತ ಇರುತ್ತದೆ. ನಾಟದ ಬಿಲ್ಲೆಯ ಬುಡದವರೆಗೂ ರೋಗಾಣು ಬೆಳೆದಿರುತ್ತದೆ. ವೃತ್ತವನ್ನು ಮಿಲಿಮೀಟರ್‌ನಲ್ಲಿ ಅಳೆದು ವರದಿ ಬರೆಯುತ್ತಾರೆ.

ಈ ವರದಿ ಓದುವಾಗ ಒಂದು ಮೋಸ ಆಗುತ್ತದೆ. ಒಂದು ಔಷಧಕ್ಕೆ 24 ಮಿಲಿಮೀಟರ್, ಇನ್ನೊಂದಕ್ಕೆ 18 ಅಂತ ಇದ್ದರೆ, ‘24ರದ್ದೇ ಒಳ್ಳೆಯದು’ ಅನ್ನುತ್ತಾರೆ. ಹಾಗಲ್ಲ. ಪ್ರತಿ ಔಷಧಕ್ಕೂ ಅದರದೇ ಗೆರೆ ಇದೆ. ಒಂದಕ್ಕೆ 18 ಬಂದರೂ ಪಾಸು, ಇನ್ನೊಂದಕ್ಕೆ 24 ಬಂದರೂ ಫೇಲು. ಜೊತೆಗೆ, ಪಾಸಾದ ಔಷಧ ಕೆಚ್ಚಲಿಗೆ ತಲುಪುವಂಥದ್ದೇ ಅನ್ನುವುದನ್ನು ಡಾಕ್ಟರೇ ನೋಡಬೇಕು. ವರದಿ ಹಿಡಿದು ನೇರ ಅಂಗಡಿಗೆ ಹೋಗಬೇಡಿ, ಮಾರಾಯ್ರೇ.

ಸ್ಯಾಂಪಲ್ ಚೆನ್ನಾಗಿ ತೆಗೆಯದಿದ್ದರೆ ಇದೆಲ್ಲ ದಂಡ. ಲ್ಯಾಬಿಗೆ ಬರುವ ಹಾಲಿನಲ್ಲಿ ಕೆಚ್ಚಲಿನ ರೋಗಾಣುವಿಗಿಂತ ಸೆಗಣಿಯ ರೋಗಾಣು ಬೆಳೆಯುವುದೇ ಎಷ್ಟೋ ಸಲ. ಮೂತ್ರ ಪರೀಕ್ಷೆಗೆ ಕೊಡುತ್ತಾರಲ್ಲ, ಆ ಸ್ಟೆರೈಲ್ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಕೈ ಸೋಪಿನಲ್ಲಿ ತೊಳೆಯಿರಿ. ಮೊಲೆ ತೊಳೆದು ಪೂರ್ತಿ ಒಣಗಿಸಿ. ನೀರು ಇಳಿಯುತ್ತಿರುವ ಮೊಲೆಯಿಂದ ತೆಗೆದದ್ದು ಸ್ಯಾಂಪಲ್ಲೇ ಅಲ್ಲ. ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಉಜ್ಜಿ, ಹತ್ತಿ ಬಿಳಿಯಾಗಿ ಉಳಿಯುವವರೆಗೆ ಹೊಸ ಹೊಸ ಹತ್ತಿ ತೆಗೆದುಕೊಳ್ಳಿ. ಮೊದಲ ಮೂರು ನಾಲ್ಕು ಧಾರೆ ಚೆಲ್ಲಿ. ಡಬ್ಬಿಯನ್ನು ಓರೆ ಹಿಡಿದು, ತೊಟ್ಟಿಗೆ ತಾಗಿಸದೆ ಹಾಲು ಹಿಡಿಯಿರಿ, ಮುಚ್ಚಳದ ಒಳಗೆ ಬೆರಳು ಹಾಕಬೇಡಿ. ನಾಲ್ಕೂ ಮೊಲೆಯದು ತೆಗೆಯುವುದಾದರೆ ಒರೆಸುವಾಗ ದೂರದ ಮೊಲೆಯಿಂದ ಹತ್ತಿರಕ್ಕೆ ಬನ್ನಿ. ಹಾಲು ಹಿಡಿಯುವಾಗ ಹತ್ತಿರದ್ದು ಮೊದಲು. ಹಾಗೆ ಮಾಡಿದರೆ ನಿಮ್ಮ ತೋಳು ಒರೆಸಿದ ಮೊಲೆಗೆ ತಾಗುವುದಿಲ್ಲ. ಡಬ್ಬಿಯ ಮೇಲೆ ದಿನಾಂಕ, ದನದ ಹೆಸರು, ಯಾವ ಮೊಲೆ ಅಂತ ಬರೆದು ಐಸ್ ಪೆಟ್ಟಿಗೆಯಲ್ಲಿ ಇಡಿ.

ಇಂಜೆಕ್ಷನ್ ನಿಂತು ಎಂಟು ದಿನ ಅಂದಿರಿ. ಇನ್ನೂ ಐದಾರು ದಿನ ತಡೆದು ತೆಗೆಯಿರಿ. ಹಾಲಿನಲ್ಲಿ ಔಷಧ ಉಳಿದಿದ್ದರೆ ತಟ್ಟೆಯಲ್ಲಿ ಏನೂ ಬೆಳೆಯದೆ, ‘ರೋಗಾಣು ಇಲ್ಲ’ ಅಂತ ಸುಳ್ಳು ವರದಿ ಬರುತ್ತದೆ. ಸ್ಟ್ಯಾಫ್ ದಿನವೂ ಹಾಲಿಗೆ ಬರುವುದೂ ಇಲ್ಲ. ಒಮ್ಮೆ ಸಿಗದಿದ್ದರೆ ಇನ್ನೊಮ್ಮೆ ಕಳಿಸಬೇಕು. ಈ ನಡುವೆ ಜ್ವರ ಬಂದರೆ, ಮೇವು ಬಿಟ್ಟರೆ ಕಾಯಬೇಡಿ. ಆವತ್ತೇ ಡಾಕ್ಟರಿಗೆ ಹೇಳಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಲ್ಯಾಬು ಎಲ್ಲಿದೆ ಅಂತ ಕೇಳುತ್ತೀರಿ. ನಿಮ್ಮ ಪಶು ಆಸ್ಪತ್ರೆಯ ಮೂಲಕವೇ ಕಳಿಸಿ, ಹತ್ತಿರದ್ದು ಯಾವುದು ಅಂತ ಅವರಿಗೆ ಗೊತ್ತಿರುತ್ತದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ.

ವರದಿ ಬಂದ ಮೇಲೆ ನಿಮ್ಮ ಮುಂದೆ ಇರುವ ದಾರಿಗಳು ಇವು. ನಾಟುವ ಔಷಧ ಸಿಕ್ಕರೆ ಅದನ್ನು ಪೂರ್ತಿ ಕೋರ್ಸು, ಇಂಜೆಕ್ಷನ್ ಜೊತೆ ಮೊಲೆಗೆ ಟ್ಯೂಬು. ಸ್ಟ್ಯಾಫ್ ಹಳೆಯದಾಗಿದ್ದರೆ ಇಷ್ಟು ಮಾಡಿದರೂ ವಾಸಿಯಾಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಹಣ ಖರ್ಚಾಗುತ್ತದೆ, ಅಷ್ಟು ದಿನದ ಹಾಲು ಹೋಗುತ್ತದೆ. ಎರಡನೆಯದು, ದನ ಗಬ್ಬವಾಗಿದ್ದರೆ ಹಾಲು ಬತ್ತಿಸುವಾಗ ಹಾಕುವ ಟ್ಯೂಬು. ಹಾಲು ಇಲ್ಲದ ಕೆಚ್ಚಲಿನಲ್ಲಿ ಔಷಧ ವಾರಗಟ್ಟಲೆ ನಿಲ್ಲುತ್ತದೆ, ಗುಣ ಆಗುವ ಸಂಭವ ಕರೆಯುವಾಗ ಇದ್ದುದಕ್ಕಿಂತ ಹೆಚ್ಚು. ನನ್ನ ಒಲವು ಇದಕ್ಕೆ. ಮೂರನೆಯದು, ಆ ಒಂದು ಮೊಲೆಯನ್ನು ಡಾಕ್ಟರ್ ಸಲಹೆಯಂತೆ ಬತ್ತಿಸಿಬಿಡುವುದು. ಮೂರು ಮೊಲೆಯಲ್ಲಿ ವರ್ಷಗಟ್ಟಲೆ ಹಾಲು ಕೊಟ್ಟ ದನ ನನಗೆ ಬೇಕಷ್ಟು ಗೊತ್ತು. ಬೇಸರ ಆಗುತ್ತದೆ, ಆದರೆ ಉಳಿದ ದನ ಉಳಿಯುತ್ತವೆ. ಸಂತೆಗೆ ಒಯ್ದು ಮಾರುವುದನ್ನು ನಾನು ದಾರಿ ಅನ್ನುವುದಿಲ್ಲ. ರೋಗ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ ಅಷ್ಟೇ.

ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ಮದ್ದನ್ನು ನೀವು ಕೇಳಲಿಲ್ಲ, ಬೇರೆಯವರು ಕೇಳಿಯೇ ಕೇಳುತ್ತಾರೆ. ಅದನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೂ ಹೇಳಿಕೊಡುತ್ತದೆ. ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ. ಬಾವು ಈಗಷ್ಟೇ ಶುರುವಾಗಿ, ದನ ಲವಲವಿಕೆಯಿಂದ ಇದ್ದರೆ, ಪದೇ ಪದೇ ಹಿಂಡುವುದರ ಜೊತೆ ಹಚ್ಚಿ ನೋಡಲು ಅಡ್ಡಿಯಿಲ್ಲ. ಮೈ ಸುಡುವ ದನಕ್ಕೆ ಅದನ್ನೇ ನೆಚ್ಚಿಕೊಂಡು ಕೂತರೆ ದನ ಕಳೆದುಕೊಳ್ಳುತ್ತೀರಿ.

ಇನ್ನು ಸೆಗಣಿ ಒಯ್ದವರು. ಯಾವ ಸಂಸ್ಥೆಯವರು ಅಂತ ನೀವು ಬರೆದಿಲ್ಲ. ಕೇಳಿ ತಿಳಿದುಕೊಳ್ಳಿ, ಫಲಿತಾಂಶ ನಿಮಗೂ ಹೇಳುತ್ತಾರಾ ಅಂತಲೂ ಕೇಳಿ. ಅವರು ಹುಡುಕುವುದು ನಿಮ್ಮ ತಪ್ಪನ್ನಲ್ಲ. ಪ್ರತಿ ದನದ, ಪ್ರತಿ ಮನುಷ್ಯನ ಕರುಳಿನಲ್ಲೂ ಇ. ಕೊಲೈ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಬಹಳಷ್ಟು ನಿರುಪದ್ರವಿ. ಊರಿನಲ್ಲಿ ಯಾವ ಔಷಧ ಎಷ್ಟು ಓಡಾಡುತ್ತಿದೆ ಅನ್ನುವುದರ ಗುರುತು ಅದರ ಮೇಲೆ ಬೀಳುತ್ತದೆ. ರೋಗದ ದನವನ್ನು ಮಾತ್ರ ನೋಡಿದರೆ, ಮೊದಲೇ ನಾಲ್ಕು ಇಂಜೆಕ್ಷನ್ ಬಿದ್ದು ವಾಸಿಯಾಗದವೇ ಲೆಕ್ಕಕ್ಕೆ ಬರುತ್ತವೆ, ಚಿತ್ರ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಅದಕ್ಕೇ ನಿಮ್ಮ ಗಿಡ್ಡ ಬೇಕಾದದ್ದು. ಬೇಸಿಗೆಯಲ್ಲಿ ಪ್ರತಿ ವರ್ಷ ಅದೇ ಬಾವಿಗೆ ಅದೇ ಹಗ್ಗ ಇಳಿಸಿ ನೀರು ಎಷ್ಟು ಇಳಿಯಿತು ಅಂತ ನೋಡಿದ ಹಾಗೆ ಇದು. ನಾಟಿ ದನದ ಸೆಗಣಿ ಶುದ್ಧ, ಅದರಲ್ಲಿ ಇಂಥದ್ದು ಇರುವುದಿಲ್ಲ ಅಂತ ನಂಬುವವರಿದ್ದಾರೆ. ಗಿಡ್ಡಕ್ಕೆ ಕೆಚ್ಚಲು ಬಾವು ಕಡಿಮೆ, ಒಪ್ಪಿದೆ. ಆದರೆ ಒಂದೇ ಕೊಟ್ಟಿಗೆ, ಒಂದೇ ಬಾನಿ ಇದ್ದಾಗ ಕರುಳಿನ ಬ್ಯಾಕ್ಟೀರಿಯಾ ತಳಿ ನೋಡುವುದಿಲ್ಲ.

ಇದರಿಂದ ಏನು ಉಪಯೋಗ ಅನ್ನಬಹುದು. ಒಂದು ನಿಜವಾದ ಕಥೆ ಹೇಳುತ್ತೇನೆ. ಕೊಲಿಸ್ಟಿನ್ ಅಂತ ಒಂದು ಹಳೆಯ ಆಂಟಿಬಯೋಟಿಕ್ ಇದೆ. ಬೇರೆ ಯಾವುದೂ ನಾಟದಿದ್ದಾಗ ಐಸಿಯುನಲ್ಲಿ ಮನುಷ್ಯರಿಗೆ ಕೊಡುವ ಕೊನೆಯ ಔಷಧ ಅದು. ಅದನ್ನೇ ಕೋಳಿ, ಹಂದಿ ಬೇಗ ದಪ್ಪ ಆಗಲಿ ಅಂತ ಮೇವಿಗೆ ಬೆರೆಸುತ್ತಿದ್ದರು. ಚೀನಾದಲ್ಲಿ ಸಾಕುಪ್ರಾಣಿಗಳ ಇ. ಕೊಲೈ ಮೇಲೆ ಹೀಗೆಯೇ ವಾಡಿಕೆಯ ನಿಗಾ ಇಟ್ಟವರಿಗೆ, ಕೊಲಿಸ್ಟಿನ್‌ಗೆ ಬಗ್ಗದವು ಏರುತ್ತಿರುವುದು ಕಂಡಿತು. ಹುಡುಕುತ್ತಾ ಹೋದಾಗ ನಾನು ಮೇಲೆ ಹೇಳಿದ ಚೀಟಿ ಸಿಕ್ಕಿತು. ಎಂಸಿಆರ್–1 ಅನ್ನುವ ಜೀನ್, ಪ್ಲಾಸ್ಮಿಡ್ ಮೇಲೆ ಕೂತು ಒಂದರಿಂದ ಇನ್ನೊಂದಕ್ಕೆ ದಾಟುವಂಥದ್ದು. ಅದು ಹೊರಗೆ ಬಂದದ್ದು 2015ರಲ್ಲಿ. ಆಮೇಲೆ ದೇಶ ದೇಶಗಳಲ್ಲಿ ಹಳೆಯ ಸ್ಯಾಂಪಲ್ ತೆಗೆದು ನೋಡಿದರೆ ಅಲ್ಲೂ ಇತ್ತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿಗೆ, ಮೀನಿಗೆ ಕೊಲಿಸ್ಟಿನ್ ನಿಷೇಧಿಸಿತು. ಆರೋಗ್ಯವಾಗಿದ್ದ ಪ್ರಾಣಿಗಳ ಸೆಗಣಿ ಯಾರೂ ನೋಡದೇ ಇದ್ದಿದ್ದರೆ ಇದು ಐಸಿಯುನಲ್ಲೇ ಮೊದಲು ಗೊತ್ತಾಗುತ್ತಿತ್ತು.

ಡೆನ್ಮಾರ್ಕ್ 1995ರಿಂದಲೇ ಇಂಥ ಲೆಕ್ಕ ಇಡುತ್ತಿದೆ. ನಮ್ಮಲ್ಲಿ ಔಷಧ ನಿರೋಧಕತೆಯ ರಾಷ್ಟ್ರೀಯ ಕ್ರಿಯಾ ಯೋಜನೆ ಬಂದದ್ದು 2017ರಲ್ಲಿ. ಪ್ರಾಣಿ, ಮೀನುಗಳಿಗೆ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಮುಂದಾಳತ್ವದಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ‘ಇನ್‌ಫಾರ್’ ಅನ್ನುವ ಜಾಲ ಇದೆ. ಎಲ್ಲ ಕಡೆ ಒಂದೇ ವಿಧಾನದಲ್ಲಿ ಪರೀಕ್ಷೆ ಮಾಡಿ ಅಂಕಿ ಒಟ್ಟು ಮಾಡುವುದು ಅದರ ಕೆಲಸ. ತಡವಾಯಿತು, ಇನ್ನೂ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಕುಮಟಾ, ಅಂಕೋಲಾ ಕಡೆ ಸಿಗಡಿ ಸಾಕುವವರಿಗೆ ಆಂಟಿಬಯೋಟಿಕ್ ಪರೀಕ್ಷೆ ಹೊಸತಲ್ಲ. ರಫ್ತಿಗೆ ಹೋಗುವ ಸಿಗಡಿಯಲ್ಲಿ ಔಷಧದ ಅಂಶ ಸಿಕ್ಕರೆ ಮಾಲು ವಾಪಸ್, ಅದಕ್ಕೇ ಹಿಡಿಯುವ ಮೊದಲೇ ನೋಡುತ್ತಾರೆ. ಹೊರದೇಶದವರ ತಟ್ಟೆಗೆ ಹೋಗುವುದಕ್ಕೆ ಇರುವ ಈ ಕಾಳಜಿ ನಮ್ಮ ಚಹಾದ ಹಾಲಿಗೂ ಇರಬೇಕಿತ್ತು, ಅಲ್ವಾ?

ಡೈರಿಯ ಭಯಕ್ಕೆ ಉತ್ತರ ಇಲ್ಲೇ ಇದೆ. ಹಾಲಿನಲ್ಲಿ ಔಷಧ ಉಳಿದಿರುವುದು ಬೇರೆ, ಔಷಧಕ್ಕೆ ಬಗ್ಗದ ರೋಗಾಣು ಇರುವುದು ಬೇರೆ. ಡೈರಿಯಲ್ಲಿ ಹಾಲು ಬೇಡ ಅನ್ನುವುದು ಮೊದಲನೆಯದಕ್ಕೆ. ಅದಕ್ಕೆ ಬೇರೆಯೇ ಪರೀಕ್ಷೆ ಇದೆ. ನಿಮ್ಮ ಮನೆಯಲ್ಲೂ ಅದರ ಒರಟು ರೂಪ ಇದೆ: ಇಂಜೆಕ್ಷನ್ ಬಿದ್ದ ದನದ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ, ನೋಡಿರಬಹುದು. ಹೆಪ್ಪಿನ ಬ್ಯಾಕ್ಟೀರಿಯಾವೂ ಸತ್ತಿರುತ್ತದೆ. ಆದರೆ ಮೊಸರಾಯಿತು ಅಂದ ಮಾತ್ರಕ್ಕೆ ಔಷಧ ಇಲ್ಲ ಅಂತ ಅಲ್ಲ.

ಹಾಲು ಕಾಯಿಸಿದರೆ ರೋಗಾಣು ಸಾಯುತ್ತದೆ, ಔಷಧದ ಅಂಶ ಹೆಚ್ಚಿನಂಶ ಹಾಗೇ ಉಳಿಯುತ್ತದೆ. ಆದ್ದರಿಂದ ಬಾಟಲಿಯ ಮೇಲೆ ಹಾಲು ಎಷ್ಟು ದಿನ ಬಳಸಬಾರದು ಅಂತ ಬರೆದಿರುವುದನ್ನು ನೋಡಿ. ಪರೀಕ್ಷೆ ಮಾಡಿ ಗೊತ್ತುಪಡಿಸಿದ ಅವಧಿ ಇಲ್ಲದ ಔಷಧಕ್ಕೆ ನಮ್ಮ ನಿಯಮದಲ್ಲಿ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಈ ಲೆಕ್ಕ ನಾಲ್ಕೂ ಮೊಲೆಗೆ. ಒಂದೇ ಮೊಲೆಗೆ ಟ್ಯೂಬ್ ಹಾಕಿದ್ದರೂ ರಕ್ತದ ಮೂಲಕ ಉಳಿದವಕ್ಕೆ ಹೋಗುತ್ತದೆ. ನಿಮ್ಮ ಎಂಟು ದಿನ ಬಾಟಲಿಯ ಅವಧಿ ದಾಟಿದ್ದರೆ, ಗಡ್ಡೆ ಇಲ್ಲದ ಮೂರು ಮೊಲೆಯ ಹಾಲು ಚೆನ್ನಾಗಿ ಕುದಿಸಿ ಮಕ್ಕಳಿಗೆ ಕೊಡಬಹುದು. ಗಡ್ಡೆ ಹಾಲು ಯಾರಿಗೂ ಬೇಡ.

ಕರುವಿಗೂ ಬೇಡ. ಹಾಲು ಚೆಲ್ಲಲು ಮನಸ್ಸು ಬಾರದು, ಅರ್ಥವಾಗುತ್ತದೆ. ಆದರೆ ಔಷಧ ಚೂರು ಚೂರು ಬೆರೆತ ಹಾಲು ಕುಡಿದ ಕರುವಿನ ಹೊಟ್ಟೆಯಲ್ಲಿ ಬಗ್ಗದ ಬ್ಯಾಕ್ಟೀರಿಯಾ ಸಾಕಿದ ಹಾಗೆ ಆಗುತ್ತದೆ. ಫ್ಲೆಮಿಂಗ್ ಹೆದರಿದ್ದು ಇದಕ್ಕೇ. ಬಾವಿ, ಹಳ್ಳದಿಂದ ದೂರ ಗುಂಡಿ ತೆಗೆದು ಚೆಲ್ಲಿ, ಮಣ್ಣು ಮುಚ್ಚಿ. ಹಸಿ ಸೆಗಣಿ ತೊಳೆದ ನೀರನ್ನು ನೇರ ತೋಟದ ಕಾಲುವೆಗೆ ಬಿಡಬೇಡಿ, ಅದು ಹಳ್ಳಕ್ಕೇ ಹೋಗುವುದು. ಸೊಪ್ಪಿನ ಜೊತೆ ಗುಂಡಿಯಲ್ಲಿ ಕಾವು ಏರಿ ಪೂರ್ತಿ ಕಳಿತ ಗೊಬ್ಬರದಲ್ಲಿ ರೋಗಾಣುವೂ ಔಷಧದ ಅಂಶವೂ ಬಹಳ ಇಳಿಯುತ್ತವೆ. ಪೂರ್ತಿ ಹೋಗುವುದಿಲ್ಲ, ಆದರೆ ಅಡಿಕೆ ಬುಡಕ್ಕೆ ಅದನ್ನು ಧೈರ್ಯವಾಗಿ ಹಾಕಿ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆ ಬೆಳೆಯುವ ಹಿತ್ತಲಿಗೆ ಹಸಿ ಸೆಗಣಿ ಬೇಡ.

ನಮ್ಮ ಕಡೆ ಮಳೆಗಾಲದ ಕೆಚ್ಚಲು ಬಾವಿನ ಮೂಲ ಕಾಲಡಿಯಲ್ಲೇ ಇದೆ. ಗೊಬ್ಬರಕ್ಕಾಗಿ ಹಸಿ ಸೊಪ್ಪು ಹಾಸುತ್ತೇವೆ, ದನ ಅದರ ಮೇಲೇ ಮಲಗುತ್ತದೆ. ಗಿಡ್ಡದ ಕೆಚ್ಚಲು ಚಿಕ್ಕದು, ನೆಲಕ್ಕೆ ಅಷ್ಟು ತಾಗದು. ಎಚ್‌ಎಫ್‌ನ ಕೆಚ್ಚಲು ಸೀದಾ ಕೆಸರಿಗೇ. ಬೇಸಿಗೆಯಲ್ಲಿ ಗುಡಿಸಿಟ್ಟ ಒಣ ದರಕು (ಉದುರಿದ ಎಲೆ) ಇದ್ದರೆ ಅವಳ ಜಾಗಕ್ಕೆ ಅದನ್ನು ಮೀಸಲಿಡಿ. ಕರೆದ ಮೇಲೆ ತೊಟ್ಟನ್ನು ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿ. ಮುಂದೆ ಹುಲ್ಲು ಹಾಕಿ ಅರ್ಧ ಗಂಟೆ ನಿಲ್ಲಿಸಿ, ಅಷ್ಟರಲ್ಲಿ ತೊಟ್ಟಿನ ಬಾಯಿ ಮುಚ್ಚುತ್ತದೆ. ಬಾವಿರುವ ದನವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ. ಒಂದೇ ಬಟ್ಟೆಯಲ್ಲಿ ನಾಲ್ಕೂ ಕೆಚ್ಚಲು ಒರೆಸುವುದನ್ನು ಇವತ್ತೇ ಬಿಡಿ.

ಕೊಟ್ಟಿಗೆಯ ಗೋಡೆಗೆ ಒಂದು ಹಳೆಯ ಕ್ಯಾಲೆಂಡರ್ ಹಾಕಿ. ಯಾವ ದನ, ಯಾವ ಮೊಲೆ, ಯಾವ ಔಷಧ, ಎಷ್ಟು ಮಿಲಿ, ಎಷ್ಟು ದಿನ, ಎಲ್ಲ ಅದರಲ್ಲೇ ಬರೆಯಿರಿ. ಖಾಲಿ ಬಾಟಲಿಯ ಲೇಬಲ್ ಕಿತ್ತು ಅಂಟಿಸಿದರೂ ಸಾಕು. ನಿಮ್ಮ ಪತ್ರದಲ್ಲಿ ಮೂರು ಸಲ ಚಿಕಿತ್ಸೆಯ ಮಾತು ಇದೆ, ಒಂದು ಔಷಧದ ಹೆಸರೂ ಇಲ್ಲ. ಹಾಗಾಗಿಯೇ ಯಾವುದನ್ನು ಬಿಡಿ, ಯಾವುದನ್ನು ಕೇಳಿ ಅಂತ ನಾನು ಇಲ್ಲಿ ಬರೆಯಲು ಆಗಲಿಲ್ಲ.

ಸ್ಯಾಂಪಲ್ ಅನ್ನು ಸೋಮವಾರವೋ ಮಂಗಳವಾರವೋ ತೆಗೆಯಿರಿ. ಶನಿವಾರ ಬಸ್ಸಿಗೆ ಹಾಕಿದ ಡಬ್ಬಿ ಭಾನುವಾರ ಪೂರ್ತಿ ಯಾವುದೋ ಕೌಂಟರಿನ ಮೇಲೆ ಕೂರುತ್ತದೆ, ಐಸ್ ಕರಗಿ, ಲ್ಯಾಬ್ ಬಾಗಿಲು ತೆಗೆಯುವಷ್ಟರಲ್ಲಿ ಹಾಲು ಒಡೆದಿರುತ್ತದೆ. ವರದಿ ಬಂದ ಮೇಲೆ ಮಿಲಿಮೀಟರ್ ಸಮೇತ ಬರೆದು ಕಳಿಸಿ, ಮುಂದಿನದು ನೋಡೋಣ.